ಸಂತೆಯಲ್ಲಿ ಮಾರಿದ ರಾಹುಕಾಲ

ಇಂದುಮತಿ ಕಡಗದ ಅವರಿಗೆ ರಾಹುಕಾಲದಲ್ಲಿ ನಂಬಿಕೆಯಿಲ್ಲ. ದೇಶದ ನಾಲ್ಕು ಸಾವಿರದ ನೂರ ಹನ್ನೆರಡು ಕಂಪ್ಯೂಟರ್ ವ್ಯವಸ್ಥೆಗಳು ಅದನ್ನು ನಂಬುವಂತೆ ಮಾಡಿದವರು ಮಾತ್ರ ಅವರೇ.

ಗದಗಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿದ, ಮುಹೂರ್ತ ಕೇಳದೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದ ಹೆಂಗಸಿಗೆ ಈ ಗತಿ ಬರಲು ಕಾರಣ ಒಬ್ಬ ಪ್ರಿನ್ಸಿಪಾಲರು. ಕಾಲೇಜಿನ ವೇಳಾಪಟ್ಟಿ ಮಾಡಲು ಇಂದುಮತಿಯವರು ಒಂದು ಪ್ರೋಗ್ರಾಂ ಬರೆದಿದ್ದರು. ಇಷ್ಟು ಕೋಣೆ, ಇಷ್ಟು ಮೇಷ್ಟ್ರು, ಇಷ್ಟು ತರಗತಿ. ಯಾರೂ ಯಾರ ಮೇಲೂ ಬೀಳದ ಹಾಗೆ ಕೂರಿಸಬೇಕು. ಪ್ರಿನ್ಸಿಪಾಲರು ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಎಲ್ಲಾ ಬರೋಬ್ಬರಿ ಐತ್ರೀ ಮೇಡಂ. ಆದ್ರ ಶುಕ್ರವಾರದ ಪರೀಕ್ಷಾ ಹತ್ತೂವರಿಗೆ ಇಟ್ಟೀರಿ. ರಾಹುಕಾಲದಾಗ ಪೇಪರ್ ಬಿಚ್ಚಿದ್ರ ಹುಡುಗ್ರು ಪಾಸಾಗೂದು ಹೆಂಗ?"

ವಾದ ಮಾಡಿದರೆ ಒಂದು ವಾರ ಹೋಗುತ್ತಿತ್ತು. ಒಂದು ಸಾಲು ಸೇರಿಸಲು ಹತ್ತು ನಿಮಿಷ ಸಾಕು. ಎರಡು ಹೊತ್ತುಗಳು ಬೇರೆಲ್ಲ ರೀತಿಯಲ್ಲೂ ಸಮನಾಗಿದ್ದರೆ ಮಾತ್ರ, ರಾಹುಕಾಲದಲ್ಲಿ ಇಲ್ಲದ್ದನ್ನು ಆರಿಸು ಎಂದು ಪ್ರೋಗ್ರಾಮಿಗೆ ಹೇಳಿದರು. ಅದಕ್ಕೊಂದು ದಂಡ, ಬೇರೆ ಅಂಕಿಗಳು ಸಾವಿರಗಟ್ಟಲೆ ಇರುವಲ್ಲಿ ಬರೀ ಒಂದು. ರಾಹುಕಾಲವೆಂದರೆ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗಿನ ಹಗಲಿನ ಎಂಟನೇ ಒಂದು ಭಾಗ. ಯಾವ ಭಾಗ ಎಂಬುದು ವಾರದ ಮೇಲೆ. ಹಾಗಾಗಿ ಗದಗಿನ ಅಕ್ಷಾಂಶ ಹಾಕಿ ಸೂರ್ಯೋದಯದ ಸೂತ್ರವನ್ನೂ ಬರೆಯಬೇಕಾಯಿತು. ಅದನ್ನೇ ತರಗತಿಯಲ್ಲಿ ಪಾಠ ಮಾಡಿದಾಗ ಹಿಂದಿನ ಬೆಂಚಿನ ಫರ್ಜಾನಾ ಎಂಬ ಹುಡುಗಿ, "ಮೇಡಂ, ಧ್ರುವದಾಗ ಆರು ತಿಂಗಳು ಸೂರ್ಯ ಹುಟ್ಟಂಗೇ ಇಲ್ಲ. ಅಲ್ಲಿ ನಿಮ್ಮ ಸೂತ್ರ ಏನ್ ಮಾಡ್ತೈತ್ರಿ?" ಎಂದಳು. ಸೂತ್ರ ಕೆಟ್ಟು ನಿಲ್ಲುತ್ತಿತ್ತು. ಇಂದುಮತಿಯವರು ಆ ಸಂಜೆಯೇ ಇನ್ನೆರಡು ಸಾಲು ಸೇರಿಸಿದರು: ಸೂರ್ಯ ಹುಟ್ಟದಿದ್ದರೆ ಹಗಲು ಸೊನ್ನೆ, ಮುಳುಗದಿದ್ದರೆ ಇಪ್ಪತ್ನಾಲ್ಕು ತಾಸು. ಗದಗ-ಬೆಟಗೇರಿಯ ಕಾಲೇಜಿನ ವೇಳಾಪಟ್ಟಿಗೆ ಇಷ್ಟು ಬೇಕಿರಲಿಲ್ಲ. ಆದರೆ ಪ್ರಶ್ನೆ ಸರಿಯಾಗಿತ್ತು.

ನಿವೃತ್ತರಾದ ಮೇಲೆ ಅದನ್ನು ಗಣಿತಸಂತೆಗೆ ಹಾಕಿದರು. ಸಂತೆಯೆಂದರೆ ಅಂತರ್ಜಾಲದ ಒಂದು ಕೂಡುಕಟ್ಟೆ. ಯಾವ ಕಂಪನಿಗೂ ಸೇರದವರು ತಾವು ಬರೆದ ಲೆಕ್ಕದ ಪ್ರೋಗ್ರಾಂಗಳನ್ನು ಅಲ್ಲಿ ಹರವಿ ಕೂರುತ್ತಾರೆ. ಬೇಕಾದವರು ಕೊಂಡು ತಮ್ಮ ಯಂತ್ರದೊಳಗೆ ಸೇರಿಸಿಕೊಳ್ಳುತ್ತಾರೆ. ಇಂದುಮತಿಯವರ ಸರಕಿಗೆ ಒಂದು ಮಸಾಲೆ ದೋಸೆಯ ಬೆಲೆ. ಮೊದಲು ಕೊಂಡದ್ದು ಕೊಪ್ಪಳದ ಒಂದು ಕಲ್ಯಾಣ ಮಂಟಪ. ಆಮೇಲೆ ಹಾಲಿನ ಟ್ಯಾಂಕರಿನವರು, ನೀರು ಬಿಡುವವರು, ಬ್ಯಾಂಕಿನವರು. ಆಮೇಲೆ ಇದನ್ನು ಒಳಗಿಟ್ಟುಕೊಂಡು ಬೇರೆ ಪ್ರೋಗ್ರಾಂ ಮಾಡಿ ಮಾರುವವರು. ಹತ್ತು ವರ್ಷದಲ್ಲಿ ದೇಶದಲ್ಲಿ ಯಾರು ಯಾವಾಗ ಎಲ್ಲಿರಬೇಕೆಂದು ಹೇಳುವ ಯಂತ್ರಗಳ ಹೊಟ್ಟೆಯಲ್ಲೆಲ್ಲ ಈ ಒಂದೇ ಬೀಜ ಇತ್ತು.

ಪ್ರತಿ ತಿಂಗಳ ಮೊದಲ ತಾರೀಕು ಸಂತೆಯ ಯಂತ್ರ ಫೋನ್ ಮಾಡುತ್ತಿತ್ತು. "ಮಾನ್ಯ ಕರ್ತೃವೇ, ತಾವು ಇದ್ದೀರಾ?"

"ಇದ್ದೇನೆ."

"ತಮ್ಮ ಇರುವಿಕೆಯನ್ನು ದಾಖಲಿಸಲಾಗಿದೆ."

ಒಳಗಿನಿಂದ ಅವರ ಗಂಡ ರುದ್ರಪ್ಪನವರು ಕೂಗುತ್ತಿದ್ದರು. "ನನ್ನೂ ಒಮ್ಮೆ ಕೇಳಾಕ ಹೇಳ ಅದಕ್ಕ. ನಾನೂ ಇದ್ದೀನಿ!"

ರುದ್ರಪ್ಪನವರು ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವರು. ತೊಂಬತ್ತು ಬಸ್ಸುಗಳನ್ನು ಒಂದು ಕರಿಹಲಗೆ, ಒಂದು ಸೀಮೆಸುಣ್ಣ ಮತ್ತು ಬೈಗುಳದಿಂದ ನಡೆಸಿದವರು. ಅವರು ಇದ್ದಾರೆ ಎನ್ನುವುದು ಈಗ ತಮಾಷೆಯ ಮಾತಾಗಿ ಉಳಿದಿರಲಿಲ್ಲ. ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ತಾಸು ಡಯಾಲಿಸಿಸ್ ಬೇಕು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಸಿಗುತ್ತಿದ್ದದ್ದು ಎರಡು. ಸೋಮವಾರ ಮತ್ತು ಗುರುವಾರ. ಗುರುವಾರದಿಂದ ಸೋಮವಾರದವರೆಗೆ ಕಾಲು ಬಾತು, ಚಪ್ಪಲಿ ಹಿಡಿಸದೆ, ಉಸಿರು ಅಂಗಿಯ ಮೇಲಿನ ಗುಂಡಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ದಿನಕ್ಕೆ ಮುಕ್ಕಾಲು ಲೀಟರ್ ನೀರು. ಇಂದುಮತಿಯವರು ಸ್ಟೀಲಿನ ತಂಬಿಗೆಯ ಒಳಗೆ ಮೊಳೆಯಿಂದ ಗೆರೆ ಕೊರೆದಿಟ್ಟಿದ್ದರು. ರುದ್ರಪ್ಪನವರು ಅದನ್ನು ಚಮಚದಲ್ಲಿ ಕುಡಿಯುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೇ ಇಬ್ಬರೂ ಡಯಾಲಿಸಿಸ್ ಕೇಂದ್ರ ತಲುಪಿದರು. ಹತ್ತು ಮಷೀನುಗಳೂ ಖಾಲಿ ನಿಂತಿದ್ದವು. ಟೆಕ್ನಿಷಿಯನ್ ರೇಷ್ಮಾ ನದಾಫ್ ಬಾಗಿಲ ಬಳಿ ಕುಳಿತು ಟಿಫಿನ್ ಡಬ್ಬಿ ಬಿಚ್ಚಿದ್ದಳು.

"ಮಷೀನ್ ಖಾಲಿ ಅದಾವಲ್ಲವಾ ರೇಷ್ಮಾ. ಇವರನ್ನ ಹಚ್ಚಬಾರದ?"

"ಪಟ್ಟಿಯಾಗ ಇಲ್ಲದ ಹೊತ್ತಿನಾಗ ಮಷೀನ್ ಶುರೂನೇ ಆಗಂಗಿಲ್ರೀ ಮೇಡಂ. ಇದು ಅವುಕ್ಕ ರೆಸ್ಟ್ ಹೊತ್ತು. ದಿನಾ ಇರ್ತೈತಿ, ಒಂದೊಂದ್ ದಿನ ಒಂದೊಂದ್ ಹೊತ್ತಿಗೆ. ಮಷೀನಿಗೆ ರೆಸ್ಟ್ ಇದ್ದಾಗ ನಮಗೂ ನಾಷ್ಟಾ." ಡಬ್ಬಿ ಮುಂದೆ ಹಿಡಿದಳು. "ತಗೋರಿ, ಚುರುಮುರಿ ಸೂಸಲಾ."

ಇಂದುಮತಿಯವರು ಸೂಸಲ ಬಾಯಿಗೆ ಹಾಕಿಕೊಂಡು ಗೋಡೆಯ ಪಟ್ಟಿ ನೋಡಿದರು. ಸೋಮವಾರ ಏಳೂವರೆಯಿಂದ ಒಂಬತ್ತು ಖಾಲಿ. ಮಂಗಳವಾರ ಮೂರರಿಂದ ನಾಲ್ಕೂವರೆ. ಬುಧವಾರ ನಡುಮಧ್ಯಾಹ್ನ. ಶುಕ್ರವಾರ ಹತ್ತೂವರೆ. ಅಗಿಯುವುದು ನಿಂತಿತು.

ಒಂದೂವರೆ ತಾಸೆಂದರೆ ದೊಡ್ಡದಲ್ಲ. ಆದರೆ ನಾಲ್ಕು ತಾಸಿನ ಡಯಾಲಿಸಿಸ್ಸನ್ನು ನಡುವೆ ತುಂಡು ಮಾಡಲಾಗುವುದಿಲ್ಲ. ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ಮೂರು ಪಾಳಿ ಹಿಡಿಸುತ್ತವೆ. ಎಲ್ಲಾದರೂ ಒಂದು ತೂತು ಬಿದ್ದರೆ ಎರಡೇ. ಹತ್ತು ಮಷೀನು, ದಿನಕ್ಕೆ ಹತ್ತು ರೋಗಿಗಳ ಪಾಳಿ ಆ ತೂತಿನಲ್ಲಿ ಸೋರಿ ಹೋಗುತ್ತಿತ್ತು. ಗಂಡನ ಮೂರನೇ ಡಯಾಲಿಸಿಸ್ ಎಲ್ಲಿ ಹೋಯಿತೆಂದು ಅವರಿಗೆ ಗೊತ್ತಾಯಿತು. ಅದನ್ನು ಅವರೇ ತಿಂದಿದ್ದರು.

ಹೊರಗೆ ಬಂದರೆ ಊರೆಲ್ಲ ಬಿಡುವಾಗಿತ್ತು. ಬ್ಯಾಂಕಿನ ಕೌಂಟರು ಖಾಲಿ, ರೇಷನ್ ಅಂಗಡಿಯ ಯಂತ್ರ ಮಲಗಿತ್ತು. ಮಿರ್ಚಿ ಭಜಿ ಬಂಡಿಗೆ ಮಾತ್ರ ಉಸಿರಾಡಲು ಪುರಸೊತ್ತಿಲ್ಲ. ರೆಸ್ಟ್ ಹೊತ್ತಿಗೆ ಊರು ಒಗ್ಗಿಹೋಗಿತ್ತು. ಆ ಹೊತ್ತಿನಲ್ಲಿ ಹೆಣ್ಣು ನೋಡುವುದು, ಕ್ಷೌರ, ಜಗಳ ಎಲ್ಲ ಮುಗಿಸಿಕೊಳ್ಳುತ್ತಿದ್ದರು. ಬಂಡಿಯ ಪಕ್ಕ ಪಂಚಾಂಗ ಮಾರುವ ಚನ್ನವೀರಯ್ಯನವರು ಗಿರಾಕಿಗೆ ಹೇಳುತ್ತಿದ್ದರು. "ಕಂಪ್ಯೂಟರ್ ಸುದ್ದಾ ಒಪ್ಪೇತ್ರಿ. ಯಾರೂ ಕಲಿಸಿಲ್ಲ, ತಾನಾಗೇ ಲೆಕ್ಕಾ ಹಾಕಿ ರಾಹುಕಾಲ ಕಂಡುಹಿಡದೈತಿ. ಇನ್ನೇನ್ ಪುರಾವೆ ಬೇಕು?"

ಇಂದುಮತಿಯವರು ಎರಡು ಮಿರ್ಚಿ ಕಟ್ಟಿಸಿಕೊಂಡು, ತಲೆ ತಗ್ಗಿಸಿ ಒಳಗೆ ಹೋದರು.

ಸಂತೆಯ ಕಚೇರಿ ಹುಬ್ಬಳ್ಳಿಯಲ್ಲಿತ್ತು. ಅಲ್ಲೊಂದು ನಿಯಂತ್ರಣ ಕೋಣೆ, ಗೋಡೆಯ ಉದ್ದಕ್ಕೂ ಪರದೆ. ಯಾವ ಪ್ರೋಗ್ರಾಂ ಯಾವುದರ ಮೇಲೆ ನಿಂತಿದೆ ಎಂದು ಬೆಳಕಿನ ಎಳೆಗಳು ತೋರಿಸುತ್ತಿದ್ದವು. ಅಧಿಕಾರಿ ಪ್ರಾಣೇಶ ಹುಯಿಲಗೋಳ ನಲವತ್ತರ ಸಭ್ಯ ಮನುಷ್ಯ. ಹೆಸರು ಕೇಳಿ ಕುರ್ಚಿಯಿಂದ ಎದ್ದು ನಿಂತ.

"ಕಡಗದ ಮೇಡಂ ಅಂದ್ರ ನೀವೇನ್ರೀ? ನೋಡ್ರಿ, ನಟ್ಟನಡುವ ಇರೂದು ನಿಮ್ದೇ!"

ಗೋಡೆಯ ನಡುವೆ ಒಂದು ಗಂಟು. ಸುತ್ತ ಸಾವಿರಾರು ಎಳೆ. ಸೀರೆಯ ಅಂಚಿಗೆ ಬಿದ್ದ ಸಿಕ್ಕು ನೋಡಿದಂತೆ ಇಂದುಮತಿಯವರು ಅದನ್ನು ನೋಡಿದರು. ಆಮೇಲೆ ವಿಷಯ ಹೇಳಿದರು.

ಪ್ರಾಣೇಶ ಹುಡುಕಿ ಕಾರಣ ಕಂಡುಹಿಡಿದ. ಆರು ವರ್ಷದ ಹಿಂದೆ ಸಂತೆ ಎಲ್ಲ ಸರಕುಗಳ ಅಳತೆಯನ್ನು ಒಂದು ಮಾಡಿತ್ತು. ನಿಮಿಷ, ಕಿಲೋಮೀಟರ್, ಲೀಟರ್ ಎಲ್ಲವನ್ನೂ ಸೊನ್ನೆಯಿಂದ ಒಂದರ ನಡುವಿನ ಪುಟಾಣಿ ಸಂಖ್ಯೆಗಳಿಗೆ ಇಳಿಸಿತ್ತು. ಪ್ರೋಗ್ರಾಮಿನ ಹೊರಗಿನ ಸಂಖ್ಯೆಗಳೆಲ್ಲ ಇಳಿದವು. ಒಳಗೆ ಮೊಹರಾಗಿದ್ದ ರಾಹುಕಾಲದ ದಂಡ ಮಾತ್ರ ಇಳಿಯಲಿಲ್ಲ.

"ಹಂಡೆ ಸಾರನ್ನ ಚಮಚಕ್ಕ ಇಳಿಸೀರಿ," ಎಂದರು ಇಂದುಮತಿ. "ನಾ ಹಾಕಿದ್ದ ಉಪ್ಪಿನ ಹಳ್ಳು ಹಂಗೇ ಐತಿ. ಈಗ ಎಲ್ಲಾರ ಬಾಯಾಗೂ ಬರೇ ಉಪ್ಪು. ಆ ಸಾಲು ತಗದುಬಿಡ್ತೀನಿ, ಮೊಹರು ಬಿಚ್ಚಿ ಕೊಡ್ರಿ."

"ಅದೊಂದು ಆಗಂಗಿಲ್ರೀ ಮೇಡಂ." ಪ್ರಾಣೇಶನಿಗೆ ನಿಜಕ್ಕೂ ಬೇಸರವಾಗಿತ್ತು. ಹಿಂದೆ ಯಾರೋ ಕರ್ತೃ ಸಿಟ್ಟಿನಲ್ಲಿ ತನ್ನ ಸರಕು ಹಿಂತೆಗೆದುಕೊಂಡಾಗ ನಾಲ್ಕು ಬಂದರುಗಳಲ್ಲಿ ಹಡಗುಗಳು ನಿಂತುಹೋಗಿದ್ದವಂತೆ. ಅಂದಿನಿಂದ ನಿಯಮ: ಕೊಂಡವರಲ್ಲಿ ಮೂರರಲ್ಲಿ ಎರಡು ಪಾಲು ಜನ ಒಂದೇ ಹೊತ್ತಿಗೆ ಸಮ್ಮತಿ ಸಭೆಯಲ್ಲಿ ಕೂತು ಒಪ್ಪಬೇಕು. ಸರಕನ್ನು ತಿದ್ದಲು, ಹಿಂತೆಗೆಯಲು, ಇನ್ನೊಬ್ಬರ ಹೆಸರಿಗೆ ಬರೆಯಲು, ಎಲ್ಲಕ್ಕೂ ಅದೇ.

"ಹಂಗಾದ್ರ ಸಭೆ ಕರೀರಿ."

"ಕರೀತೀವ್ರಿ. ಅರ್ಧ ತಾಸಿನ ಮಾತು." ಪ್ರಾಣೇಶ ಗುಂಡಿ ಒತ್ತಿದ. ಎಲ್ಲರಿಗೂ ಬಿಡುವಿರುವ ಹೊತ್ತನ್ನು ಸಂತೆಯ ಯಂತ್ರ ಹುಡುಕತೊಡಗಿತು. ಹುಡುಕಿತು, ಇನ್ನೂ ಹುಡುಕಿತು. ಸೂಕ್ತ ಸಮಯ ದೊರೆತ ಕೂಡಲೇ ತಿಳಿಸಲಾಗುವುದು ಎಂದಿತು.

ಇಂದುಮತಿಯವರು ಪರದೆಯನ್ನೇ ನೋಡುತ್ತ ಕೇಳಿದರು. "ಈ ಹುಡುಕೂ ಯಂತ್ರದ ಒಳಗ ಯಾರ ಪ್ರೋಗ್ರಾಂ ಐತಿ?"

ಪ್ರಾಣೇಶ ಕುರ್ಚಿಯಲ್ಲಿ ಸ್ವಲ್ಪ ಕೆಳಗೆ ಜಾರಿದ.

ಲೆಕ್ಕ ಸರಳವಾಗಿತ್ತು. ಕೊಂಡವರೆಲ್ಲರ ದಿನವನ್ನೂ ಅವರ ಪ್ರೋಗ್ರಾಮೇ ತುಂಬಿಸಿತ್ತು. ಹಾಗಾಗಿ ಇಡೀ ದೇಶಕ್ಕೆ ಒಟ್ಟಿಗೆ ಬಿಡುವಿರುವ ಹೊತ್ತು ಒಂದೇ, ರಾಹುಕಾಲ. ಆ ಹೊತ್ತಿನಲ್ಲಿ ಸಭೆ ಇಡಲು ಒಪ್ಪದಿರುವುದೂ ಅವರ ಪ್ರೋಗ್ರಾಮೇ.

"ನೀವೇ ಎಲ್ಲಾರಿಗೂ ಫೋನ್ ಮಾಡಿ, ಶುಕ್ರವಾರ ಹನ್ನೊಂದಕ್ಕ ಬರ್ರಿ ಅನ್ನಬಾರದ?"

"ಯಂತ್ರ ಗೊತ್ತು ಮಾಡದ ಸಭಾ ಊರ್ಜಿತ ಆಗಂಗಿಲ್ರಿ."

"ಹೊಸಾದು ಬರದು ಮಾರ್ತೀನಿ."

"ನಿಮ್ಮದೇ ಸರಕಿನ ನಕಲು ಅಂತ ಸಂತಿ ಹೊರಗ ಹಾಕ್ತೈತ್ರಿ." ಪ್ರಾಣೇಶ ಚಹಾ ತರಿಸಿದ. ಬಾಗಿಲವರೆಗೂ ಬಂದು ಬೀಳ್ಕೊಟ್ಟ. ಮೆಟ್ಟಿಲ ಮೇಲೆ ನಿಂತು, "ಕೋಷ್ಟಕ ಬೇಕಾದ್ರ ತಿದ್ದಬಹುದ್ರಿ ಮೇಡಂ. ಊರು, ರಜಾ ದಿನ, ಅಂಥವು. ಅದಕ್ಕ ಸಭಾ ಬೇಡ. ಆದ್ರ ನೀವೇ ಖುದ್ದು ಕೂತು ತಿದ್ದಬೇಕು," ಎಂದ, ಬೀಳ್ಕೊಡುವಾಗ ಮಗುವಿನ ಕೈಗೆ ಪೆಪ್ಪರಮಿಂಟು ಕೊಡುವವನಂತೆ.

ಹತ್ತೊಂಬತ್ತು ತಿಂಗಳು ಯಂತ್ರ ಸೂಕ್ತ ಸಮಯ ಹುಡುಕಿತು. ರುದ್ರಪ್ಪನವರ ಚಮಚ ಚಿಕ್ಕದಾಯಿತು.

ಒಂದು ನವೆಂಬರಿನ ಭಾನುವಾರ ಇಂದುಮತಿಯವರು ಗಂಡನ ಬಾತ ಪಾದಕ್ಕೆ ಎಣ್ಣೆ ಸವರುತ್ತ ಕುಳಿತಿದ್ದರು. ಬೆರಳು ಒತ್ತಿದ ಕಡೆ ಗುಳಿ ಬಿದ್ದು, ಮೇಲೇಳಲು ತಡಮಾಡುತ್ತಿತ್ತು.

"ಡಿಪೋದಾಗ ಬಸಣ್ಣ ಅಂತ ಒಬ್ಬ ಡ್ರೈವರ್ ಇದ್ದ," ಎಂದರು ರುದ್ರಪ್ಪ. ಉಸಿರು ತೆಗೆದುಕೊಳ್ಳಲು ನಿಂತರು. "ರಾಹುಕಾಲ ಮುಗಿಯೂತನಕಾ ಗಾಡಿ ಮುಟ್ಟಾಂವಲ್ಲ. ಪ್ಯಾಸೆಂಜರ್ ಬೈತಾರ, ನಾ ಬೈತೀನಿ. ಕಡೀಕೆ ಅವನಿಗೆ ನಾ ಏನ್ ಹೇಳಿದೆ ಗೊತ್ತನ? ಲೇ, ನೀ ಹೊಂಟಿದ್ದು ಬಳ್ಳಾರಿಗೆ, ಗಾಡೀನೂ ಬಳ್ಳಾರೀದು. ಅಲ್ಲಿ ಸೂರ್ಯ ಐದು ನಿಮಿಷ ಮೊದಲ ಹುಟ್ತಾನ, ರಾಹುಕಾಲಾನೂ ಐದು ನಿಮಿಷ ಮೊದಲ ಮುಗೀತೈತಿ. ಬಳ್ಳಾರಿ ಹೊತ್ತು ನೋಡ್ಕೊಂಡು ಹೊಂಡು ಅಂದೆ. ಮಗಾ ಹೊಂಟ."

ಇಂದುಮತಿಯವರ ಕೈ ಪಾದದ ಮೇಲೆ ನಿಂತಿತು.

"ಯಾಕ, ಏನಾತು? ತಿಕ್ಕು."

"ಹೊತ್ತು ಬದಲ ಮಾಡಲಿಲ್ಲ ನೀವು. ಊರು ಬದಲ ಮಾಡಿದ್ರಿ."

"ಐದು ನಿಮಿಷಕ್ಕ ಏನ್ ಬರ್ತೈತವಾ ನಿನಗ?"

ಅವರು ಆಗಲೇ ಎಣ್ಣೆಗೈಯಲ್ಲೇ ಎದ್ದಿದ್ದರು. ಕೋಷ್ಟಕದಲ್ಲಿ ಊರು ಎಂಬ ಮನೆ ಇತ್ತು. ಹತ್ತು ವರ್ಷದಿಂದ ಅದರಲ್ಲಿ ಗದಗಿನ ಅಕ್ಷಾಂಶವೇ ಕೂತಿತ್ತು. ಕೊಂಡವರಲ್ಲಿ ಯಾರೂ ಅದನ್ನು ಬದಲಿಸಿ ಕೊಡಿ ಎಂದು ಕೇಳಿರಲಿಲ್ಲ. ದಿಲ್ಲಿಗೂ ಗುವಾಹಟಿಗೂ ಗದಗಿನ ರಾಹುವೇ. ಇಂದುಮತಿಯವರು ಹದಿನೈದು ಚಿಲ್ಲರೆಯನ್ನು ಅಳಿಸಿದರು. ತೊಂಬತ್ತು ಎಂದು ಹಾಕಲು ಹೋಗಿ ತಡೆದರು, ಪೂರ್ತಿ ತೊಂಬತ್ತಾದರೆ ಸೂತ್ರದಲ್ಲಿ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಎಂಬತ್ತೊಂಬತ್ತು ಪಾಯಿಂಟ್ ಒಂಬತ್ತು ಎಂದು ಹಾಕಿದರು. ಉತ್ತರ ಧ್ರುವ, ನವೆಂಬರ್. ಸೂರ್ಯ ಹುಟ್ಟುವುದಿಲ್ಲ. ಹಗಲು ಸೊನ್ನೆ. ಸೊನ್ನೆಯ ಎಂಟನೇ ಒಂದು ಭಾಗವೂ ಸೊನ್ನೆ.

"ಮಾನ್ಯ ಕರ್ತೃವೇ, ತಾವು ಇದ್ದೀರಾ?" ಎಂದು ತಿದ್ದುಪಡಿ ಒಪ್ಪಿಕೊಳ್ಳುವ ಮುನ್ನ ಯಂತ್ರ ಕೇಳಿತು.

"ಇದ್ದೇನೆ," ಎಂದರು. ಮನಸ್ಸಿನಲ್ಲಿ ಹಿಂದಿನ ಬೆಂಚಿನ ಫರ್ಜಾನಾಳಿಗೆ ನೂರಕ್ಕೆ ನೂರು ಕೊಟ್ಟರು.

ಮರುದಿನ ಏಳೂವರೆಗೆ ಹತ್ತೂ ಮಷೀನುಗಳು ಓಡುತ್ತಿದ್ದವು. ಹೊಸ ಪಟ್ಟಿಯಲ್ಲಿ ರುದ್ರಪ್ಪನವರಿಗೆ ಸೋಮವಾರ, ಬುಧವಾರ, ಶುಕ್ರವಾರ. ಮೂರನೇ ವಾರಕ್ಕೆ ಅವರ ಚಪ್ಪಲಿ ಹಿಡಿಸಿತು. ನಾಲ್ಕನೇ ವಾರ ತಂಬಿಗೆಯೊಳಗೆ ಇಂದುಮತಿಯವರು ಅರ್ಧ ಬೆರಳು ಮೇಲೆ ಹೊಸ ಗೆರೆ ಕೊರೆದರು. ಪಂಚಾಂಗದ ಚನ್ನವೀರಯ್ಯನವರೂ ಎದೆಗುಂದಲಿಲ್ಲ. "ರಾಹು ವಲಸಿ ಹೋಗ್ಯಾನ. ಇದನ್ನ ನಾ ಮೊದಲ ಹೇಳಿದ್ದೆ," ಎನ್ನುತ್ತಿದ್ದರು.

ಇಷ್ಟಕ್ಕೆ ಮುಗಿದಿದ್ದರೆ ಇಂದುಮತಿಯವರು ಆ ಚಳಿಗಾಲ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ಡಿಸೆಂಬರಿನಲ್ಲಿ ಪ್ರಾಣೇಶ ಫೋನ್ ಮಾಡಿದ.

"ಮೇಡಂ, ಸಿಹಿ ಸುದ್ದಿ ಒಂದು, ಕಹಿ ಸುದ್ದಿ ಒಂದು. ರಾಹುಕಾಲ ಹೋಗೇತಲ್ರಿ, ಈಗ ನಿಮ್ಮ ಸಭಾ ಯಾವ ಹೊತ್ತಿನಾಗ ಬೇಕಾದ್ರೂ ಇಡಾಕ ಯಂತ್ರ ತಯಾರೈತಿ."

"ಕಹಿ?"

"ಯಾರಿಗೂ ಪುರಸೊತ್ತಿಲ್ರಿ. ಮೊದಲ ಒಂದೂವರಿ ತಾಸು ಖಾಲಿ ಇತ್ತಲ್ಲ, ಅದನ್ನೂ ನಿಮ್ಮ ಪ್ರೋಗ್ರಾಂ ತುಂಬಿಸಿಬಿಟ್ಟೈತಿ."

ಇಂದುಮತಿಯವರು ಫೋನಿಟ್ಟು, ಕಾಗದ ತೆಗೆದು ಇನ್ನೊಂದು ಲೆಕ್ಕ ಹಾಕಿದರು. ಅದನ್ನು ಮೊದಲೇ ಹಾಕಬೇಕಿತ್ತು. ಮಾರ್ಚ್ ಹತ್ತೊಂಬತ್ತರ ಹೊತ್ತಿಗೆ ಉತ್ತರ ಧ್ರುವದಲ್ಲಿ ಸೂರ್ಯ ಹುಟ್ಟುತ್ತಾನೆ, ಆರು ತಿಂಗಳು ಮುಳುಗುವುದಿಲ್ಲ. ಹಗಲು ಇಪ್ಪತ್ನಾಲ್ಕು ತಾಸು, ರಾಹುಕಾಲ ಮೂರು ತಾಸು. ಅಷ್ಟರೊಳಗೆ ಅಕ್ಷಾಂಶದ ಹಿಂದೆ ಋಣ ಚಿಹ್ನೆ ಹಾಕಿ ದೇಶವನ್ನು ದಕ್ಷಿಣ ಧ್ರುವಕ್ಕೆ ಸಾಗಿಸಬೇಕು. ಸೆಪ್ಟೆಂಬರಿನಲ್ಲಿ ಮತ್ತೆ ಉತ್ತರಕ್ಕೆ. ವರ್ಷಕ್ಕೆ ಎರಡು ಸಲ, ಖುದ್ದು ಕೂತು. ವರ್ಷವಿಡೀ ಕತ್ತಲಿರುವ ಊರು ಭೂಮಿಯ ಮೇಲಿಲ್ಲ. ಭೂಮಿಯಲ್ಲಿಲ್ಲದ ಅಕ್ಷಾಂಶವನ್ನು ಪ್ರೋಗ್ರಾಂ ಒಪ್ಪುವುದಿಲ್ಲ, ಆ ಎಚ್ಚರಿಕೆಯನ್ನೂ ಅವರೇ ಬರೆದಿದ್ದರು. ಕರ್ತೃ ಇಲ್ಲವಾದ ದಿನ ಕೋಷ್ಟಕ ಇದ್ದಲ್ಲೇ ಶಾಶ್ವತವಾಗಿ ನಿಲ್ಲುತ್ತದೆ. ಅವರಿಗೆ ಎಪ್ಪತ್ತೆರಡು ನಡೆಯುತ್ತಿತ್ತು.

"ಅಂದ್ರ," ಎಂದರು ರುದ್ರಪ್ಪ, ಎಲ್ಲ ಕೇಳಿಸಿಕೊಂಡು, "ಮಾರ್ಚಿನಾಗೊಮ್ಮೆ, ಸಪ್ಟಂಬರದಾಗೊಮ್ಮೆ. ನೀ ಸಾಯೂ ಹಂಗಿಲ್ಲ."

"ಜ್ವರಾ ಬರೂ ಹಂಗೂ ಇಲ್ರಿ."

"ನಿನಗಿಂತ ನನ್ನ ಪಟ್ಟೀನ ಬೇಷು. ವಾರದಾಗ ಮೂರೇ ದಿನ ಕಟ್ಟಿಹಾಕ್ತಾರ."

ಮಾರ್ಚ್ ಬಂತು. ಲೆಕ್ಕದಲ್ಲಿ ಒಂದು ಕೊಂಕು ಉಳಿದಿತ್ತು: ಉತ್ತರದಲ್ಲಿ ಸೂರ್ಯ ಹುಟ್ಟಿದ ಮೇಲೂ ನಾಲ್ಕು ದಿನ ದಕ್ಷಿಣದಲ್ಲಿ ಅವನು ಪೂರ್ತಿ ಮುಳುಗಿರುವುದಿಲ್ಲ. ಆ ನಾಲ್ಕು ದಿನ ಯಾವ ಧ್ರುವದಲ್ಲೂ ಕತ್ತಲಿಲ್ಲ. ಗದಗಿಗೆ ವಾಪಸ್ ತಂದರೆ ಒಂದೂವರೆ ತಾಸು, ಧ್ರುವದಲ್ಲೇ ಬಿಟ್ಟರೆ ಮೂರು. ಹೇಗಾದರೂ ಆ ವಾರ ರುದ್ರಪ್ಪನವರ ಒಂದು ಪಾಳಿ ಹೋಗುವುದು ಖಂಡಿತ.

ಅದಕ್ಕೆ ಮುಂಚಿನ ಶುಕ್ರವಾರ ಇಂದುಮತಿಯವರು ಕೇಂದ್ರಕ್ಕೆ ಹೋಗಿ ರೇಷ್ಮಾಳಿಗೆ ಹೇಳಿದರು. ಅವಳು ಒಂದು ಕೈಯಲ್ಲಿ ನಳಿಕೆ ತೊಳೆಯುತ್ತ, ಗೋಡೆಗೆ ಒರಗಿ ನಿಂತೇ ರೊಟ್ಟಿ ಸುರುಳಿ ತಿನ್ನುತ್ತಿದ್ದಳು. ನವೆಂಬರಿನಿಂದ ಅವಳು ಕೂತು ಉಂಡಿರಲಿಲ್ಲ. ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ರೆಸ್ಟ್ ಹೊತ್ತು ವಾಪಸ್ ಬರ್ತೈತೇನ್ರೀ?" ಎಂದಳು. "ನಾಕು ದಿನಾ?" ಅಷ್ಟರಲ್ಲಿ ಮಷೀನಿಗೆ ಹಚ್ಚಿದ್ದ ರುದ್ರಪ್ಪನವರನ್ನು ನೋಡಿ ಮುಖದ ಬೆಳಕನ್ನು ತಟ್ಟನೆ ಆರಿಸಿಕೊಂಡಳು. "ಸಾರಿ ಕಾಕಾ. ನಿಮ್ಮ ಪಾಳಿ ಹೋಗ್ತೈತಿ ಅನ್ನೂದು ಮರ್ತೆ."

ರುದ್ರಪ್ಪನವರು ಹೆಂಡತಿಯ ಕಡೆ ತಿರುಗಿದರು. "ಗದಗಿಗೆ ತರಬ್ಯಾಡ. ಧ್ರುವದಾಗೇ ಬಿಡು."

"ಮೂರು ತಾಸು ಎಲ್ಲಾ ಬಂದ್ ಆಗ್ತೈತ್ರಿ."

"ಆಗಲಿ. ಹೆಂಗೂ ನನ್ನ ಪಾಳಿ ಹೋಗೂದು ಹೋಗ್ತೈತಿ. ಮೂರು ತಾಸು ಕೊಡು, ಈ ಹುಡುಗಿ ಕೂತು ಉಣ್ಣಲಿ. ತೊಂಬತ್ತು ಬಸ್ ನಡಿಸೀನಿ ನಾನು. ಡ್ರೈವರ್ ಚಾ ಕುಡೀಲಾರದ ಡಿಪೋ ಎಷ್ಟು ದಿನಾ ನಡೀತೈತಿ?"

ಮೊದಲೆರಡು ದಿನ, ಸೋಮವಾರ ಮತ್ತು ಮಂಗಳವಾರ, ರಾಹುಕಾಲ ನಸುಕಿಗೂ ರಾತ್ರಿಗೂ ಬಿದ್ದು ಯಾರಿಗೂ ತಾಗದೆ ಕಳೆಯಿತು. ಬುಧವಾರ ಹನ್ನೆರಡಕ್ಕೆ ದೇಶ ನಿಂತಿತು. ಮೂರರವರೆಗೂ ನಿಂತೇ ಇತ್ತು. ಮಿರ್ಚಿ ಬಂಡಿಯಲ್ಲಿ ಹಿಟ್ಟು ಮುಗಿದುಹೋಯಿತು. ರೇಷ್ಮಾ ಕೇಂದ್ರದ ಮೆಟ್ಟಿಲ ಮೇಲೆ ಕೂತು ಮಗಳ ಜೊತೆ ಊಟ ಮಾಡಿ, ಅಲ್ಲೇ ಕಂಬಕ್ಕೊರಗಿ ಗೊರಕೆ ಹೊಡೆದಳು. ಚನ್ನವೀರಯ್ಯನವರು ಇದಕ್ಕೆ ಮಹಾರಾಹು ಎಂದು ಹೆಸರಿಟ್ಟು, ಬರುವ ಸೆಪ್ಟೆಂಬರಿನ ತಾರೀಕನ್ನೂ ಮುಂಗಡವಾಗಿ ಹೇಳಿ, ನಾಲ್ಕು ದಿನದಲ್ಲಿ ಪಂಚಾಂಗವನ್ನೆಲ್ಲ ಖಾಲಿ ಮಾಡಿದರು. ಸಭೆ ಹುಡುಕುವ ಯಂತ್ರಕ್ಕೆ ಮಾತ್ರ, ದೇಶವೆಲ್ಲ ಬಿಡುವಾಗಿ ಕೂತಿದ್ದ ಆ ಮೂರು ತಾಸಿನಲ್ಲೂ ಸೂಕ್ತ ಸಮಯ ಕಾಣಲಿಲ್ಲ.

ಐದನೆಯ ದಿನ, ಶುಕ್ರವಾರ, ಬೆಳಗಾಗುವ ಹೊತ್ತಿಗೆ ದಕ್ಷಿಣ ಧ್ರುವದಲ್ಲಿ ಕತ್ತಲಾಗಿತ್ತು. ಗದಗಿನಲ್ಲಿ ರುದ್ರಪ್ಪನವರು ದಿಂಬಿನ ಮೇಲೆ ದಿಂಬಿಟ್ಟು, ಬಾತ ಕಾಲು ಚಾಚಿ ಕುಳಿತಿದ್ದರು. ಮಾತಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತಿದ್ದರು. ಇಂದುಮತಿಯವರು ಅವರ ಪಕ್ಕದಲ್ಲೇ ಮಂಚದ ಮೇಲೆ ಕೂತು ಅಕ್ಷಾಂಶದ ಹಿಂದೆ ಋಣ ಚಿಹ್ನೆ ಒತ್ತಿದರು. ನೆಗಡಿಯಾಗಿ ಗಂಟಲು ಕಟ್ಟಿತ್ತು.

"ಮಾನ್ಯ ಕರ್ತೃವೇ, ತಾವು ಇದ್ದೀರಾ?"

"ಇದ್ದಾಳ, ಇದ್ದಾಳ," ಎಂದರು ರುದ್ರಪ್ಪ. "ಎಲ್ಲಿ ಹೋಗ್ತಾಳ?"

"ಕ್ಷಮಿಸಿ. ಕರ್ತೃವೇ ಸ್ವತಃ ಹೇಳಬೇಕು."

ಇಂದುಮತಿಯವರು ತಂಬಿಗೆಯತ್ತ ಕೈ ಚಾಚಿ, ಗೆರೆ ನೋಡಿ, ಹಿಂದೆಗೆದರು. ಅದರಲ್ಲಿದ್ದದ್ದು ಗಂಡನ ಇವತ್ತಿನ ನೀರು. ಎರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಇದ್ದೇನೆ," ಎಂದರು.

"ತಮ್ಮ ಇರುವಿಕೆಯನ್ನು ದಾಖಲಿಸಲಾಗಿದೆ," ಎಂದಿತು ಯಂತ್ರ. ಊರಾಚೆ ಹತ್ತು ಮಷೀನುಗಳು ಒಟ್ಟಿಗೆ ಎಚ್ಚರಗೊಂಡವು. ರುದ್ರಪ್ಪನವರು ಚಪ್ಪಲಿ ಹುಡುಕತೊಡಗಿದರು.